ಹೆಸರಿಲ್ಲದ ಪೇಟೆ, ಅಳಿಯದ ಲೆಕ್ಕ

ವ್ಯಾಪಾರವು ನಂಬಿಕೆಯ ಮೇಲೆ ನಿಂತಿದೆ ಎಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠ. ಅಂಗಡಿಯ ವಿಳಾಸ, ಮಾರುವವನ ಹೆಸರು, ಹಣಕ್ಕೆ ರಸೀದಿ, ಇವು ಆ ನಂಬಿಕೆಯ ಆಧಾರಗಳು. ಇವಾವುವೂ ಇಲ್ಲದೆ ಪೇಟೆಯೊಂದು ನಡೆಯಬಲ್ಲದೆ? ಅಮೆರಿಕದ ರಾಸ್ ಉಲ್ಬ್ರಿಕ್ಟ್ ಎಂಬ ತರುಣನು 2011ರ ಆರಂಭದಲ್ಲಿ ಅಂತರಜಾಲದಲ್ಲಿ ತೆರೆದ ‘ಸಿಲ್ಕ್ ರೋಡ್’ ಎಂಬ ಕಾಳಸಂತೆಯು ಎರಡೂವರೆ ವರ್ಷಕ್ಕೂ ಮಿಕ್ಕಿ ನಡೆಯಿತು.

ಅದರ ಕಾರ್ಯವಿಧಾನ ಹೀಗಿತ್ತು. ‘ಟಾರ್’ ಎಂಬ ವ್ಯವಸ್ಥೆಯು ಸಂದೇಶಗಳನ್ನು ಹಲವು ಗಣಕಯಂತ್ರಗಳ ಮೂಲಕ ಸುತ್ತಿಸಿ, ಕಳುಹಿಸಿದವನ ನೆಲೆಯನ್ನು ಮರೆಮಾಡುತ್ತಿತ್ತು. ಹಣದ ಸ್ಥಾನದಲ್ಲಿ, 2009ರಲ್ಲಿ ಬಳಕೆಗೆ ಬಂದ ‘ಬಿಟ್‌ಕಾಯಿನ್’ ಇತ್ತು. ಕೊಳ್ಳುವವನು ಕೊಟ್ಟ ಮೊತ್ತವನ್ನು ಪೇಟೆಯೇ ತಡೆದಿಟ್ಟುಕೊಂಡು, ಸರಕು ಅಂಚೆಯಲ್ಲಿ ತಲುಪಿದ ಬಳಿಕ ತನ್ನ ದಲ್ಲಾಳಿ ಹಣವನ್ನು ಮುರಿದುಕೊಂಡು, ಉಳಿದುದನ್ನು ಮಾರಿದವನಿಗೆ ಸಲ್ಲಿಸುತ್ತಿತ್ತು. ಸರಕಿನಲ್ಲಿ ಹೆಚ್ಚಿನದು ಮಾದಕ ದ್ರವ್ಯ.

ಈ ಹಣಕ್ಕೆ ಗುರುತಿಲ್ಲವೆಂದು ಹಲವರು ನಂಬಿದರು. ವಾಸ್ತವ ಬೇರೆ. ಬ್ಯಾಂಕಿಗೆ ಖಾತೆದಾರನ ಹೆಸರು ತಿಳಿದಿರುತ್ತದೆ. ಆದರೆ ಅವನ ಲೆಕ್ಕ ಪರರಿಗೆ ಗುಟ್ಟು. ಬಿಟ್‌ಕಾಯಿನ್‌ನಲ್ಲಿ ಹೆಸರು ಗುಟ್ಟು, ಲೆಕ್ಕದ ಪುಸ್ತಕ ಮಾತ್ರ ಲೋಕಕ್ಕೆಲ್ಲ ತೆರೆದದ್ದು. ಅದರಲ್ಲಿ ಬರೆದ ಜಮಾ-ಖರ್ಚು ಅಳಿಯುವುದಿಲ್ಲ. ಒಮ್ಮೆ ಹೆಸರಿನ ಎಳೆ ಸಿಕ್ಕಿದರೆ ಹಿಂದಿನ ವ್ಯವಹಾರವೆಲ್ಲ ಬಯಲಾಗುತ್ತದೆ. 2012ರಲ್ಲಿ ಇದೇ ಪೇಟೆಯಿಂದ ಸುಮಾರು 50,000 ಬಿಟ್‌ಕಾಯಿನ್ ಲಪಟಾಯಿಸಿದ ಒಬ್ಬನನ್ನು ಒಂಬತ್ತು ವರ್ಷಗಳ ಅನಂತರ, 2021ರಲ್ಲಿ, ಅಧಿಕಾರಿಗಳು ಪತ್ತೆಹಚ್ಚಿದರು. ಆ ಸಂಪತ್ತಿನ ಒಂದು ಭಾಗದ ಕೀಲಿಕೈ ಪಾಪ್‌ಕಾರ್ನ್ ಡಬ್ಬಿಯೊಳಗೆ ಅಡಗಿಸಿಟ್ಟ ಪುಟ್ಟ ಗಣಕದಲ್ಲಿತ್ತು!

ಉಲ್ಬ್ರಿಕ್ಟ್ 2013ರ ಅಕ್ಟೋಬರ್ 1ರಂದು ಸ್ಯಾನ್‌ಫ್ರಾನ್ಸಿಸ್ಕೋದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಬಂಧಿತನಾದನು. 2015ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ನೀಡಿದರು. ಆದರೆ ಅವನು ತೋರಿದ ದಾರಿಯಲ್ಲಿ ಬೇರೆ ಪೇಟೆಗಳು ಹುಟ್ಟಿಕೊಂಡವು. ಅವುಗಳಲ್ಲಿ ದೊಡ್ಡದಾದ ‘ಆಲ್ಫಾಬೇ’ ಯನ್ನು 2017ರಲ್ಲಿ ಮುಚ್ಚಿಸಲಾಯಿತು.

ಆರೋಗ್ಯದ ದೃಷ್ಟಿಯಿಂದ ಒಂದು ಮಾತು ಗಮನಾರ್ಹ. ಗಿರಾಕಿಗಳು ಮಾರಾಟಗಾರರಿಗೆ ಅಂಕ ಕೊಡುವ ಏರ್ಪಾಡು ಅಲ್ಲಿತ್ತು. ಪೊಟ್ಟಣ ತಲುಪಿತೇ ಎಂಬುದನ್ನು ಆ ಅಂಕಗಳು ಹೇಳಬಲ್ಲವು. ಪೊಟ್ಟಣದ ಪುಡಿ ಯಾವುದು, ದೇಹ ಅದನ್ನು ತಾಳೀತೇ ಎಂಬುದನ್ನು ಹೇಳಲಾರವು. ಆ ಪೇಟೆಯ ಸರಕಿಗೆ ಕನಿಷ್ಠ ಆರು ಸಾವುಗಳ ಸಂಬಂಧವಿದೆಯೆಂದು ಸರ್ಕಾರಿ ವಕೀಲರು ನ್ಯಾಯಾಲಯದ ಮುಂದಿಟ್ಟರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ಅಲ್ಲಿ ನಿಂತು ಮಾತನಾಡಿದರು. ‘ಯಾರಿಗೂ ತಿಳಿಯದು’ ಎಂಬ ಭರವಸೆಯೇ ಈ ಪೇಟೆಯ ಮುಖ್ಯ ಆಮಿಷ. ಆ ಭರವಸೆ ಎಷ್ಟು ಪೊಳ್ಳೆಂಬುದನ್ನು ಬೆಳೆದ ಮಕ್ಕಳಿಗೆ ಮನೆಯಲ್ಲಿಯೇ ತಿಳಿಯಹೇಳುವುದು ಹಿರಿಯರ ಕರ್ತವ್ಯ.