ಮನೆಗೆ ಕಂಪ್ಯೂಟರ್ ಕೊಳ್ಳುವ ಮುನ್ನ

ರೈತ ಬಾಂಧವರೇ, ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವ ನಾವು, ಮಗಳ ಓದಿಗೆಂದು ಸಾಲ ಮಾಡಿ ಕಂಪ್ಯೂಟರ್ ಕೊಳ್ಳುವಾಗ ಮಾತ್ರ ಪರದೆಯ ಅಗಲ, ಮೈಯ ಹೊಳಪು ನೋಡಿ ಹಣ ಎಣಿಸುತ್ತೇವೆ. ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಇದೆಯೇ ಎಂದು ಕೇಳಿರಿ. ರ‍್ಯಾಮ್ ಕೆಲಸ ಹರಡಿಕೊಳ್ಳುವ ಕಣ. ಎಸ್‌ಎಸ್‌ಡಿ ಕೂಡಿಡುವ ಕಣಜ. ಕಣ ಕಿರಿದಾದರೆ ಕಣಜ ಎಷ್ಟು ದೊಡ್ಡದಿದ್ದರೂ ಕೆಲಸ ಸಾಗದು. ಓದುಬರಹಕ್ಕೆ, ಪಹಣಿ ನೋಡುವುದಕ್ಕೆ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸಾಕು. ಹಳೆಯದನ್ನು ಅಗ್ಗಕ್ಕೆ ಕೊಳ್ಳುವವರು ಅದರಲ್ಲಿ ವಿಂಡೋಸ್ 11 ನಡೆಯುವುದೇ ಎಂದು ವಿಚಾರಿಸಿರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕರೆಂಟು ಹೋಗಿಬರುವ ಊರಿಗೆ ಬ್ಯಾಟರಿಯುಳ್ಳ ಲ್ಯಾಪ್‌ಟಾಪೇ ಲೇಸು. ಮಗಳನ್ನೂ ಅಂಗಡಿಗೆ ಕರೆದೊಯ್ದು ಕೀಲಿಮಣೆ ಒತ್ತಿ ನೋಡಲು ಹೇಳಿರಿ. ರಸೀದಿ ಬಿಡಬೇಡಿರಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.