ಮನೋರೋಗ, ವಂಶ ಮತ್ತು ಗರ್ಭಿಣಿಯ ಪೋಷಣೆ

ಮನೆತನದಲ್ಲಿ ಒಬ್ಬರಿಗೆ ಮನೋರೋಗವಿದ್ದರೆ ಹುಟ್ಟುವ ಮಗುವಿಗೂ ಅದು ತಪ್ಪದೆಂದು ಅನೇಕ ದಂಪತಿಗಳು ಅಂಜುತ್ತಾರೆ. ಈ ಅಂಜಿಕೆಗೆ ಎಷ್ಟು ಆಧಾರವಿದೆಯೆಂಬುದನ್ನು ತಿಳಿಯೋಣ.

ಇಲ್ಲದ ದನಿ ಕೇಳಿಸುವುದು, ಕಾರಣವಿಲ್ಲದೆ ಸಂಶಯಪಡುವುದು ಇವು ಸ್ಕಿಜೋಫ್ರೀನಿಯಾ ಎಂಬ ಮನೋರೋಗದ ಲಕ್ಷಣಗಳು. ತಂದೆ ಅಥವಾ ತಾಯಿಗೆ ಈ ರೋಗವಿದ್ದರೂ 10 ಮಕ್ಕಳಲ್ಲಿ ಸುಮಾರು 9 ಮಕ್ಕಳಿಗೆ ಅದು ಬರುವುದಿಲ್ಲ. ಒಂದೇ ಬಗೆಯ ವಂಶವಾಹಿಗಳುಳ್ಳ ಅವಳಿಗಳಲ್ಲಿಯೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಆದುದರಿಂದ ವಂಶವೊಂದೇ ಕಾರಣವಲ್ಲ.

ಬೀಜ ಒಂದೇ ಆದರೂ ನೆಲ, ನೀರು, ಗೊಬ್ಬರಗಳಿಗೆ ತಕ್ಕಂತೆ ಪೈರು ಬೇರೆಯಾಗುವುದನ್ನು ತಾವು ಬಲ್ಲಿರಿ. ಹಾಗೆಯೇ ವಂಶವಾಹಿಗಳ ಮೇಲೆ ಕೂಡುವ ರಾಸಾಯನಿಕ ಗುರುತುಗಳು ಅವುಗಳ ಕೆಲಸವನ್ನು ಹೆಚ್ಚು ಕಡಿಮೆ ಮಾಡುತ್ತವೆ. 1944-45ರ ಚಳಿಗಾಲದಲ್ಲಿ ಯುದ್ಧದ ಕಾರಣ ನೆದರ್ಲೆಂಡ್ಸ್ ದೇಶದಲ್ಲಿ ಕ್ಷಾಮ ಉಂಟಾಯಿತು. ಅದರ ತೀವ್ರ ದಿನಗಳಲ್ಲಿ ಗರ್ಭದಲ್ಲಿ ಮೊಳೆತವರಲ್ಲಿ ಈ ರೋಗವು ಸುಮಾರು ಇಮ್ಮಡಿಯಾಗಿ ಕಂಡುಬಂದಿತು. ಆದರೂ ಅವರಲ್ಲಿ ಬಹುಪಾಲು ಜನರಿಗೆ ರೋಗ ಬರಲಿಲ್ಲ. ಸುಮಾರು 60 ವರ್ಷಗಳ ಬಳಿಕವೂ ಅಂಥವರ ಒಂದು ವಂಶವಾಹಿಯ ಮೇಲೆ ಈ ಗುರುತುಗಳು ಒಡಹುಟ್ಟಿದವರಿಗಿಂತ ಕಡಿಮೆ ಇದ್ದುದನ್ನು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಬದಲಾವಣೆಯೇ ರೋಗಕ್ಕೆ ಕಾರಣವೆಂದು ಇನ್ನೂ ಸಿದ್ಧವಾಗಿಲ್ಲ.

ಆದುದರಿಂದ ರೋಗ ಬಂದಾಗ ತಾಯಿಯನ್ನಾಗಲಿ ಸೊಸೆಯ ತವರನ್ನಾಗಲಿ ದೂಷಿಸುವುದು ತರವಲ್ಲ. ಗರ್ಭಿಣಿಗೆ ರಾಗಿ, ಬೇಳೆ, ಸೊಪ್ಪು, ಹಾಲು ಸಾಕಷ್ಟು ದೊರೆಯುವಂತೆ ನೋಡಿಕೊಳ್ಳುವುದು ಪತಿಯ ಹೊಣೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಮನೆಯಲ್ಲಿ ಯಾರಲ್ಲಿಯಾದರೂ ರೋಗಲಕ್ಷಣ ಕಂಡರೆ ಮಾಟವೆಂದು ಕಾಲ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಮನೋರೋಗಕ್ಕೆ ಚಿಕಿತ್ಸೆಯುಂಟು.