ಮಿನುಗುವ ದೀಪದ ಎಚ್ಚರಿಕೆ: ಪೆಟ್ರೋಲ್ ಕಾರಿನ ಎಂಜಿನ್ ದೋಷವನ್ನು ಪತ್ತೆಹಚ್ಚುವ ಬಗೆ

ಮೋಟಾರು ಕಾರಿನ ಚಾಲಕನ ಎದುರಿನ ಫಲಕದಲ್ಲಿ ಎಂಜಿನ್ನಿನ ಆಕೃತಿಯುಳ್ಳ ಹಳದಿ ದೀಪವೊಂದುಂಟು. ಕೀಲಿಯನ್ನು ತಿರುಗಿಸಿದಾಗ ಅದು ಬೆಳಗಿ, ಎಂಜಿನ್ ಓಡತೊಡಗಿದ ಬಳಿಕ ನಂದುವುದು ಸಹಜ. ಪ್ರಯಾಣದ ನಡುವೆ ಅದು ಸ್ಥಿರವಾಗಿ ಬೆಳಗಿದರೆ ಶೀಘ್ರದಲ್ಲಿಯೇ ಪರೀಕ್ಷೆ ಮಾಡಿಸಬೇಕೆಂದು ಅರ್ಥ. ಆದರೆ ಏರು ಹತ್ತುವಾಗಲೋ ವೇಗವನ್ನು ಹೆಚ್ಚಿಸುವಾಗಲೋ ಅದು ಮಿನುಗತೊಡಗಿದರೆ, ಆ ಕ್ಷಣದಲ್ಲಿಯೇ ಹಾನಿ ಸಂಭವಿಸುತ್ತಿದೆಯೆಂದು ಅರ್ಥ. ಈ ಭೇದವನ್ನರಿಯದೆ ಮುಂದುವರಿದವರಿಗೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ದುರಸ್ತಿಯು ಹತ್ತಾರು ಸಾವಿರ ರೂಪಾಯಿಗಳ ವೆಚ್ಚವಾಗಿ ಪರಿಣಮಿಸುವುದುಂಟು.

ನಾಲ್ಕು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಅದರಲ್ಲಿ ಸೆಕೆಂಡಿಗೆ 100 ಬಾರಿ ದಹನ ನಡೆಯುತ್ತದೆ. ಪ್ರತಿಯೊಂದು ದಹನವೂ ಕ್ರ್ಯಾಂಕ್ ದಂಡಕ್ಕೆ ಒಂದು ತಳ್ಳನ್ನು ಕೊಡುತ್ತದೆ. ಒಂದು ಸಿಲಿಂಡರಿನಲ್ಲಿ ದಹನ ತಪ್ಪಿದರೆ ದಂಡದ ವೇಗ ಕ್ಷಣಮಾತ್ರ ಕುಗ್ಗುತ್ತದೆ. ಹಲ್ಲುಚಕ್ರದ ಬಳಿಯಿರುವ ಸೆನ್ಸರ್ ಅದನ್ನು ಗ್ರಹಿಸಿ ಕಾರಿನ ಗಣಕಕ್ಕೆ ತಿಳಿಸುತ್ತದೆ. ಇದಕ್ಕೆ ಮಿಸ್‌ಫೈರ್ ಎಂದು ಹೆಸರು. ಸಾಮಾನ್ಯವಾಗಿ 200 ಸುತ್ತುಗಳ ಅವಧಿಯಲ್ಲಿ ಇಂತಹ ತಪ್ಪುಗಳು ಮಿತಿಮೀರಿದರೆ ದೀಪವು ಮಿನುಗುತ್ತದೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಒಬಿಡಿ-2 ಎಂಬ ಈ ಸ್ವಯಂಪರೀಕ್ಷಾ ವ್ಯವಸ್ಥೆಯು ಭಾರತದ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಅನ್ವಯವಾಯಿತು.

ಹಾನಿಯಾಗುವುದು ಎಲ್ಲಿ? ಹೊಗೆಕೊಳವೆಯ ಮಾರ್ಗದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವಿದೆ. ಜೇನುಗೂಡಿನಂತಹ ಅದರ ಪಿಂಗಾಣಿ ಒಡಲಿಗೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿರುತ್ತದೆ. ವಿಷಾನಿಲಗಳನ್ನು ಶುದ್ಧಿಗೊಳಿಸುವುದು ಅದರ ಕೆಲಸ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಅಲ್ಲಿಗೆ ತಲುಪಿ ಅಲ್ಲಿಯೇ ಉರಿಯುತ್ತದೆ. ಆ ಶಾಖಕ್ಕೆ ಲೇಪವು ಕೆಡುವುದಲ್ಲದೆ ಪಿಂಗಾಣಿಯೇ ಕರಗಿ ಹೊಗೆಯ ಹಾದಿಯನ್ನು ಮುಚ್ಚಬಹುದು. ಆದುದರಿಂದ ದೀಪ ಮಿನುಗಿದ ಕೂಡಲೇ ಆಕ್ಸಲರೇಟರಿನಿಂದ ಕಾಲನ್ನು ಸಡಿಲಿಸಿ ವೇಗವನ್ನು ತಗ್ಗಿಸಬೇಕು. ಆದರೂ ಮಿನುಗುವುದು ನಿಲ್ಲದಿದ್ದರೆ ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ ಎಂಜಿನ್ನನ್ನು ಬಂದ್ ಮಾಡಬೇಕು. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಲಾಗದು. ಕಾದ ಕನ್ವರ್ಟರಿನಿಂದ ಹುಲ್ಲಿಗೆ ಬೆಂಕಿ ತಗಲುವ ಸಂಭವವಿದೆ.

ಕಾರು ನಿಂತಲ್ಲಿ ಸುಸ್ಥಿತಿಯಲ್ಲಿರುವ ಎಂಜಿನ್ ವೇಗ ಹೆಚ್ಚಿಸಿದಾಗಲೇ ಏಕೆ ತಡವರಿಸುತ್ತದೆ? ಆಕ್ಸಲರೇಟರನ್ನು ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ಪ್ರವೇಶಿಸಿ ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಸ್ಪಾರ್ಕ್ ಪ್ಲಗ್ಗಿನ ಎಡೆಯನ್ನು ಕಿಡಿಯು ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಅನಿಲದ ಒತ್ತಡಕ್ಕೂ ಕಿಡಿಯ ವೋಲ್ಟೇಜಿಗೂ ಇರುವ ಈ ಸಂಬಂಧವನ್ನು ಜರ್ಮನಿಯ ಭೌತವಿಜ್ಞಾನಿ ಪಾಶೆನ್ 1889ರಲ್ಲಿಯೇ ನಿರೂಪಿಸಿದ್ದನು. ಸವೆದು ಎಡೆ ಹಿಗ್ಗಿದ ಪ್ಲಗ್ ಅಥವಾ ದುರ್ಬಲವಾದ ಇಗ್ನಿಷನ್ ಕಾಯಿಲ್ ಹಗುರ ಹೊರೆಯಲ್ಲಿ ಹೇಗೋ ನಿರ್ವಹಿಸಿ, ಭಾರ ಬಿದ್ದಾಗ ಸೋಲುತ್ತದೆ.

ಇನ್ನು ಪರೀಕ್ಷೆಯ ಕ್ರಮ. ಚಾಲಕನ ಮೊಣಕಾಲಿನ ಬಳಿಯಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಸಂಕೇತಗಳು ದೊರೆಯುತ್ತವೆ. ಪಿ0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ ದಹನ ತಪ್ಪಿದೆಯೆಂದೂ, ಪಿ0300 ಎಂದರೆ ನಿರ್ದಿಷ್ಟವಾಗಿ ಒಂದರಲ್ಲಲ್ಲದೆ ಹಲವೆಡೆ ತಪ್ಪುತ್ತಿದೆಯೆಂದೂ ತಿಳಿಯಬೇಕು. ಸಂಕೇತವು ದೋಷವಿರುವ ಸ್ಥಳವನ್ನು ತೋರಿಸುವುದೇ ಹೊರತು ಕಾರಣವನ್ನಲ್ಲ. ಇದನ್ನು ಮರೆತು, ಸಂಕೇತವನ್ನು ಕಂಡೊಡನೆ ಬಿಡಿಭಾಗಗಳನ್ನು ಕೊಳ್ಳುವುದು ಹಣದ ಅಪವ್ಯಯ.

ಕಾರಣವನ್ನು ಅರಿಯಲು ಸರಳವಾದ ಉಪಾಯವಿದೆ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಕಾರಿನಲ್ಲಿ, ಎಂಜಿನ್ ಆರಿದ ಮೇಲೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಸಂಕೇತವನ್ನು ಅಳಿಸಿ, ಸ್ವಲ್ಪ ದೂರ ಓಡಿಸಿ ನೋಡಬೇಕು. ಈಗ ಪಿ0303 ಬಂದರೆ ದೋಷವು ಕಾಯಿಲ್‌ನ ಸಂಗಡ ಸಾಗಿತೆಂದು ನಿರ್ಣಯಿಸಬಹುದು. ಪಿ0302 ಆಗಿಯೇ ಉಳಿದರೆ ಪ್ಲಗ್ಗುಗಳನ್ನು, ಅನಂತರ ಇಂಜೆಕ್ಟರುಗಳನ್ನು ಇದೇ ರೀತಿ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಇಲ್ಲಿಯ ನಿಯಮ. ಯಾವುದರಿಂದಲೂ ದೋಷ ಚಲಿಸದಿದ್ದರೆ ವೈರಿಂಗನ್ನೂ ಸಿಲಿಂಡರಿನ ಕಂಪ್ರೆಷನ್ನನ್ನೂ ಅಳೆದು ನೋಡಬೇಕಾಗುತ್ತದೆ. ಪಿ0300 ಬಂದಲ್ಲಿ ಪೆಟ್ರೋಲಿನ ಒತ್ತಡ, ಗಾಳಿಯ ಸೋರಿಕೆ ಮೊದಲಾದ ಸಮಾನ ಕಾರಣಗಳನ್ನು ಹುಡುಕುವುದು ಉಚಿತ.

ಹಿಂದಿನ ಮೆಕ್ಯಾನಿಕ್‌ಗಳು ಓಡುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ದೋಷವನ್ನು ಗುರುತಿಸುತ್ತಿದ್ದರು. ಕಾರ್ಬುರೇಟರ್ ಕಾಲದಲ್ಲಿ ಅದು ನಡೆಯಿತು. ಇಂದಿನ ಕಾರುಗಳಲ್ಲಿ ಹಾಗೆ ಮಾಡಿದರೆ ಉರಿಯದ ಪೆಟ್ರೋಲನ್ನು ಕೈಯಾರೆ ಕನ್ವರ್ಟರಿಗೆ ಕಳುಹಿಸಿದಂತಾಗುತ್ತದೆ; ವಿದ್ಯುದಾಘಾತದ ಭಯವೂ ಇದೆ. ಸಾಧನಗಳು ಬದಲಾದಂತೆ ಅಭ್ಯಾಸವೂ ಬದಲಾಗಬೇಕು. ದೀಪವನ್ನು ನಂದಿಸುವುದು ಸ್ಕ್ಯಾನರಿನ ಒಂದು ಗುಂಡಿಯಿಂದ ಸಾಧ್ಯ. ಅದು ಮತ್ತೆ ಮಿನುಗದಂತೆ ಮಾಡುವುದೇ ನಿಜವಾದ ದುರಸ್ತಿ.